ತಡಿಯಂಡಮೋಳ್ ದಾರಿಯ ಮರಗಳು: ಎಲೆಗೆ ಮೊದಲು ಬುಡ ನೋಡಿ

ಪ್ರಶ್ನೆ: ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಡಿಸೆಂಬರ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಕೊಡಗಿನ ಕಕ್ಕಬ್ಬೆ ಕಡೆಯಿಂದ ತಡಿಯಂಡಮೋಳ್ ಬೆಟ್ಟದ ಚಾರಣಕ್ಕೆ ಕರೆದೊಯ್ಯುವ ಯೋಚನೆಯಿದೆ. ದಾರಿ ನೋಡಿಕೊಂಡು ಬರಲು ಹೋಗಿದ್ದಾಗ ನಾಲ್ಕುನಾಡು ಅರಮನೆಯ ಆಚೆ ಸಿಪ್ಪೆ ಸುಲಿದಂತಹ ನುಣುಪಾದ ಬಿಳಿ ಕಾಂಡದ ದೊಡ್ಡ ಮರವೊಂದು ಕಂಡಿತು. ಮೊಬೈಲ್ ಆ್ಯಪ್ ಅದನ್ನು ಒಮ್ಮೆ ನೀಲಗಿರಿ ಎಂದಿತು, ಒಮ್ಮೆ ಸೀಬೆ, ಮತ್ತೊಮ್ಮೆ ಅರ್ಜುನ. ಎಲೆಗಳೆಲ್ಲ ಕೈಗೆಟುಕದ ಎತ್ತರದಲ್ಲಿದ್ದವು. ಜೊತೆಗಿದ್ದ ಹುಡುಗ ಕತ್ತಿಯಿಂದ ತೊಗಟೆ ಕೆತ್ತಿ, ಸೊನೆಯ ಬಣ್ಣ ನೋಡಿ ಹೆಸರು ಹೇಳುತ್ತಿದ್ದ. ಮಕ್ಕಳಿಗೂ ಹಾಗೆಯೇ ಕಲಿಸಬಹುದೇ? ಇಲ್ಲಿಯದೇ ಆದ ಮರಗಳನ್ನು ಗುರುತಿಸಲು ಎಲ್ಲಿಂದ ಆರಂಭಿಸಬೇಕು?

ಉತ್ತರ: ಕತ್ತಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಉತ್ತರ ‘ಬೇಡ’ ಎಂಬುದಷ್ಟನ್ನು ಈಗಲೇ ಹೇಳಿಬಿಡುತ್ತೇನೆ.

ಆ್ಯಪ್ ಮೂರು ಹೆಸರು ಹೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಕಾಶದ ಬೆಳಕಿಗೆ ಎದುರಾಗಿ ಹಿಡಿದ ಎಲೆಯ ಚಿತ್ರದಲ್ಲಿ ಕಪ್ಪು ನೆರಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಕಾಡಿನ ಮರವನ್ನು ಗುರುತಿಸುವವರು ಸಾಮಾನ್ಯವಾಗಿ ಮೇಲಕ್ಕೆ ನೋಡುವುದು ಕೊನೆಯಲ್ಲಿ. ಮೊದಲು ತಾವು ನಿಂತಿರುವುದು ಎಂತಹ ಕಾಡು ಎಂದು ತಿಳಿದುಕೊಳ್ಳುತ್ತಾರೆ. ಆಮೇಲೆ ಬುಡ, ಕಾಂಡ, ಕಾಲಡಿಯ ತರಗೆಲೆ, ಬಿದ್ದ ಕಾಯಿ, ಕೊಂಬೆ ಹೊರಟ ರೀತಿ. ಹೂವನ್ನು ಕಾಯುತ್ತ ಕುಳಿತರೆ ವರ್ಷದ ಹೆಚ್ಚಿನ ದಿನ ಏನೂ ತಿಳಿಯುವುದಿಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಸ್ಯವಿಜ್ಞಾನಿಗಳು ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿಗೆಂದೇ ಸಿದ್ಧಪಡಿಸಿದ ಗುರುತಿನ ಕ್ರಮವೂ ಎಲೆ, ತೊಗಟೆ, ಸೊನೆಗಳನ್ನೇ ಮುಖ್ಯವಾಗಿ ನೆಚ್ಚಿಕೊಂಡಿದೆ.

ಕೊಡಗಿನಲ್ಲಿ ‘ಎಂತಹ ಕಾಡು’ ಎಂಬ ಪ್ರಶ್ನೆಗೆ ಮಳೆಯೇ ಉತ್ತರ. ಭಾಗಮಂಡಲದ ಸುತ್ತ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ, ಪೂರ್ವಕ್ಕೆ ಕುಶಾಲನಗರ ತಲುಪುವಷ್ಟರಲ್ಲಿ ಸುಮಾರು 1,000ಕ್ಕೆ ಇಳಿದಿರುತ್ತದೆ. ಹೀಗಾಗಿ ನಾಗರಹೊಳೆಯ ಕಡೆ ತೇಗ, ಮತ್ತಿ, ದಿಂಡಿಗ, ಹೊನ್ನೆ, ಬೀಟೆಯಂತಹ ಬೇಸಿಗೆಯಲ್ಲಿ ಎಲೆಯುದುರಿಸುವ ಮರಗಳು. ಪಶ್ಚಿಮದ ಮಾಕುಟ್ಟ, ಕಡಮಕಲ್, ಪುಷ್ಪಗಿರಿಯ ಇಳಿಜಾರುಗಳಲ್ಲಿ ಧೂಪ, ಬಲಗಿ, ರಾಮಪತ್ರೆ, ನಾಗಸಂಪಿಗೆಯಂತಹ ವರ್ಷವಿಡೀ ಹಸಿರಾಗಿರುವವು. ನಿಮ್ಮ ದಾರಿ ಎರಡನೆಯ ಬಗೆಯ ಕಾಡಿನದು, ಆದರೆ ಅದರ ಅಂಚಿನದು. ತೋಟ, ಕಾಡು, ಮೇಲೆ ಹುಲ್ಲುಬೆಟ್ಟ ಮತ್ತು ಅದರ ಮಡಿಲಿನ ಶೋಲಾ (ಹುಲ್ಲುಬೆಟ್ಟದ ಕಣಿವೆಗಳಲ್ಲಿ ಗುಂಪಾಗಿ ಬೆಳೆಯುವ ಗಿಡ್ಡ ಮರಗಳ ಕಾಡು), ಇಷ್ಟೂ ಒಂದೇ ಬೆಳಗಿನಲ್ಲಿ ಸಿಗುತ್ತವೆ. 1,748 ಮೀಟರ್ ಎತ್ತರದ ಆ ಶಿಖರಕ್ಕೆ ಹೋಗುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ತೇಗದ ಕಾಡಿನ ಮರಗಳ ಪಟ್ಟಿ ಹಿಡಿದು ಶೋಲಾಕ್ಕೆ ಹೋಗದಿದ್ದರಾಯಿತು.

ದಾರಿಯ ಮೊದಲ ಭಾಗ ಕಾಫಿ ತೋಟಗಳ ನಡುವೆ. ಅಲ್ಲಿ ಮಕ್ಕಳು ಮೊದಲು ಕೇಳುವ ಮರ ಸಿಲ್ವರ್ ಓಕ್ ಆಗಿರುತ್ತದೆ, ಬರೆದಿಟ್ಟುಕೊಳ್ಳಿ. ನೆಟ್ಟಗೆ ಎದ್ದ ಕಾಂಡ, ಜರಿಗಿಡದ ಎಲೆಯಂತೆ ಸೀಳುಸೀಳಾದ ಎಲೆ, ತಿರುಗಿಸಿದರೆ ಬೆಳ್ಳಿಯ ಬಣ್ಣ. ಇದು ಆಸ್ಟ್ರೇಲಿಯಾದ್ದು, ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಮಾರಾಟಕ್ಕೂ ಅನುಕೂಲವೆಂದು ತೋಟಗಳನ್ನು ತುಂಬಿಕೊಂಡಿದೆ. ಬೀಟೆ, ಹೊನ್ನೆಗಳನ್ನು ಕಡಿಯಲು ಇರುವ ಕಾನೂನಿನ ತೊಡಕು ಇದಕ್ಕಿಲ್ಲ. ಬೆಳೆಗಾರರನ್ನು ದೂರಿ ಪ್ರಯೋಜನವಿಲ್ಲ. ಆದರೆ ಮಕ್ಕಳ ಪಟ್ಟಿಯಲ್ಲಿ ಅದು ‘ಹೊರಗಿನದು’ ಎಂಬ ಅಂಕಣಕ್ಕೆ ಸೇರಲಿ. ಗುಲ್‌ಮೊಹರ್, ಅಕೇಶಿಯಾ, ನೀಲಗಿರಿ ಅದೇ ಅಂಕಣಕ್ಕೆ.

ಸಿಲ್ವರ್ ಓಕ್‌ನ ನಡುವೆ ಹಳೆಯ ತೋಟಗಾರರು ಉಳಿಸಿಕೊಂಡ ಅತ್ತಿ, ಬಸರಿ, ಹಲಸು, ನಂದಿ, ಬೀಟೆ, ಹೊನ್ನೆಗಳು ನಿಂತಿರುತ್ತವೆ. ಹೊಸಬರಿಗೆ ಕಾಡಿಗಿಂತ ತೋಟವೇ ಒಳ್ಳೆಯ ತಾಣ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮರಗಳು ಬಿಡಿಬಿಡಿಯಾಗಿ ನಿಂತು ಬುಡದಿಂದ ತುದಿಯವರೆಗೆ ಕಾಣುತ್ತವೆ. ಎರಡು ಎಚ್ಚರಿಕೆ ಮಾತ್ರ. ಕಾಳುಮೆಣಸಿನ ಬಳ್ಳಿ ಕಾಂಡವನ್ನು ಪೂರ್ತಿ ಮುಚ್ಚಿರಬಹುದು. ಬಳ್ಳಿಯ ಎಲೆಯನ್ನೇ ಮರದ ಎಲೆ ಎಂದುಕೊಂಡವರನ್ನು ನೋಡಿದ್ದೇನೆ. ಇನ್ನೊಂದು, ವರ್ಷವರ್ಷ ಮರಗಸಿ (ನೆರಳು ಹದಮಾಡಲು ಕೊಂಬೆ ಕಡಿಯುವುದು) ಮಾಡಿಸಿಕೊಂಡ ಮರದ ನೆತ್ತಿಯ ಆಕಾರ ಅದರ ಸ್ವಂತದ್ದಲ್ಲ. ಕೆಳಗಿನ ಕೊಂಬೆಗಳನ್ನೆಲ್ಲ ತೆಗೆಸಿ ಕೊಡೆಯಂತೆ ಬಿಟ್ಟ ಹಲಸನ್ನು ನೋಡಿ ‘ಹಲಸು ಹೀಗೇ ಬೆಳೆಯುತ್ತದೆ’ ಎಂದು ಮಕ್ಕಳು ಬರೆದುಕೊಳ್ಳುವುದು ಬೇಡ.

ಈಗ ನಿಮ್ಮ ಬಿಳಿ ಕಾಂಡದ ಮರ. ನೀವು ಹೇಳಿದ ಲಕ್ಷಣಕ್ಕೆ ಮತ್ತು ಜಾಗಕ್ಕೆ ಅದು ಬಹುಮಟ್ಟಿಗೆ ನಂದಿ. ಬಿಳಿನಂದಿ ಎಂದೂ ಕರೆಯುತ್ತಾರೆ. ತೊಗಟೆ ತೆಳು ಹಾಳೆಗಳಾಗಿ ಸುಲಿದು ಬೀಳುತ್ತಲೇ ಇರುತ್ತದೆ. ಹಳೆಯ ಪದರ ಉದುರಿದಲ್ಲಿ ಕೆನೆಬಣ್ಣ, ಉದುರದಲ್ಲಿ ಬೂದು. ಬುಡದಲ್ಲಿ ಕೈಹಾಕಿ ನೋಡಿದರೆ ಸುಲಿದ ಚೂರುಗಳು ತರಗೆಲೆಯ ಜೊತೆ ಬೆರೆತು ಬಿದ್ದಿರುತ್ತವೆ. ಆ್ಯಪ್‌ಗೆ ಸೀಬೆ ನೆನಪಾದದ್ದು ಇದರಿಂದಲೇ. ಆದರೆ ಅಷ್ಟು ಎತ್ತರದ, ತಬ್ಬಿದರೆ ಕೈಗೆ ಕೈ ಸಿಗದ ಸೀಬೆ ಎಲ್ಲಿದೆ?

ಉಳಿದ ಎರಡು ಹೆಸರುಗಳನ್ನು ಮಕ್ಕಳ ಮುಂದೆಯೇ ಅಳಿಸಿಹಾಕಬಹುದು. ನೀಲಗಿರಿಯ ಎಲೆ ಉದ್ದವಾಗಿ ಕತ್ತಿಯಂತೆ ಬಾಗಿ ಜೋಲುತ್ತದೆ, ಉಜ್ಜಿದರೆ ಆ ಪರಿಚಿತ ಎಣ್ಣೆಯ ವಾಸನೆ ಬರುತ್ತದೆ. ನಂದಿಯ ಎಲೆಗೆ ಅಂತಹ ವಾಸನೆಯಿಲ್ಲ; ಎಲೆಗಳು ಎದುರುಬದುರಾಗಿ ಅಥವಾ ಹೆಚ್ಚುಕಡಿಮೆ ಎದುರುಬದುರಾಗಿ ಇರುತ್ತವೆ, ಅಡಿಭಾಗ ಮಾಸಲು ಬಿಳುಪು. ಅರ್ಜುನ ಎಂದರೆ ನಮ್ಮ ಹೊಳೆಮತ್ತಿ. ಅದಕ್ಕೂ ನುಣುಪಾದ ಬಿಳಿಚು ತೊಗಟೆ ಇದೆ ನಿಜ, ಆದರೆ ಹೆಸರೇ ಹೇಳುವಂತೆ ಅದು ಹೊಳೆದಂಡೆಯ ಮರ. ಕೊಡಗಿನ ಪೂರ್ವದಲ್ಲಿ, ಕಾವೇರಿ ಬಯಲಿಗಿಳಿಯುವ ಕಡೆ ಹುಡುಕಬೇಕು. ಅದರ ಕಾಯಿಗೆ ಐದು ರೆಕ್ಕೆಗಳಂತಹ ಏಣುಗಳಿರುತ್ತವೆ. ನಂದಿಯ ಕಾಯಿ ಬೆರಳ ತುದಿಯಷ್ಟು ಚಿಕ್ಕದು, ಕಟ್ಟಿಗೆಯಂತೆ ಗಟ್ಟಿ, ಒಣಗಿದಾಗ ಮೇಲಿನಿಂದ ಸೀಳಿ ಬಾಯಿಬಿಡುತ್ತದೆ. ಬುಡದಲ್ಲಿ ಬಾಗಿ ಕೂತು ಹುಡುಕಿದರೆ ಕಳೆದ ವರ್ಷದ ಒಣಕಾಯಿ ಒಂದಾದರೂ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇದೇ ಮರ ಬಿಳಿ ಹೂಗೊಂಚಲುಗಳಿಂದ ತುಂಬಿ ದೂರದ ಗುಡ್ಡದಿಂದಲೂ ಕಾಣುತ್ತದೆ.

ನಂದಿಯ ಪಕ್ಕದಲ್ಲಿ ಹೇಳಬೇಕಾದ ಮರ ಮತ್ತಿ, ಏಕೆಂದರೆ ತೊಗಟೆಯಲ್ಲಿ ಅದು ಪೂರಾ ವಿರುದ್ಧ: ಕಪ್ಪಗೆ, ಆಳವಾಗಿ ಬಿರಿದು ಚೌಕಚೌಕವಾಗಿ ಎದ್ದಿರುತ್ತದೆ. ಆ ದಪ್ಪ ತೊಗಟೆ ಕಾಡ್ಗಿಚ್ಚಿನಿಂದ ಅದನ್ನು ಕಾಯುತ್ತದೆ. ಎಲೆಯ ಅಡಿಭಾಗದಲ್ಲಿ, ತೊಟ್ಟು ಸೇರುವ ಜಾಗದ ಹತ್ತಿರ ನಡುನರದ ಮೇಲೆ ಚಿಕ್ಕ ಗಂಟುಗಳು ಒಂದೆರಡು ಕಾಣುತ್ತವೆ. ಭೂತಗನ್ನಡಿ ಬೇಕಿಲ್ಲ, ಬೆರಳಿಗೇ ಸಿಗುತ್ತವೆ. ಮತ್ತಿ ನಿಮಗೆ ತಡಿಯಂಡಮೋಳ್‌ಗಿಂತ ನಾಗರಹೊಳೆಯ ಹಾದಿಯಲ್ಲಿ, ಹುಣಸೂರಿನಿಂದ ಬರುವಾಗ ಬಸ್ಸಿನ ಕಿಟಕಿಯಿಂದಲೇ ಸಿಕ್ಕುತ್ತದೆ. ಬಸ್ಸಿನಲ್ಲಿ ಮಕ್ಕಳಿಗೆ ಇದೊಂದೇ ಕೆಲಸ ಕೊಡಿ: ಬಿಳಿ ನುಣುಪು ಕಾಂಡ ಕಂಡರೆ ನಂದಿ, ಕಪ್ಪು ಒರಟು ಕಾಂಡ ಕಂಡರೆ ಮತ್ತಿ ಇರಬಹುದು ಎಂದು ಹೇಳುವುದು. ಬೆಟ್ಟ ಹತ್ತುವ ಮೊದಲೇ ತೊಗಟೆಯ ಮೇಲೆ ಕಣ್ಣು ಕೂತಿರುತ್ತದೆ.

ಬೀಟೆ ಮತ್ತು ಹೊನ್ನೆಗೆ ಸ್ವಲ್ಪ ಸಮಯ ಕೊಡಿ, ಇವೆರಡನ್ನೂ ಒಂದರ ಬದಲು ಇನ್ನೊಂದೆಂದು ಹೇಳುವವರೇ ಹೆಚ್ಚು. ಎರಡರದ್ದೂ ಸಂಯುಕ್ತ ಎಲೆ, ಎಂದರೆ ಒಂದೇ ಎಲೆ ಹಲವು ಕಿರುಎಲೆಗಳಾಗಿ ಒಡೆದಿರುತ್ತದೆ. ಇದನ್ನು ಮಕ್ಕಳಿಗೆ ಅರ್ಥ ಮಾಡಿಸುವುದು ಮೊದಲ ಕೆಲಸ. ಯಾವುದು ಎಲೆ, ಯಾವುದು ಕಿರುಎಲೆ ಎಂಬ ಗೊಂದಲಕ್ಕೆ ಪರಿಹಾರ ಮೊಗ್ಗು. ನಿಜವಾದ ಎಲೆಯ ತೊಟ್ಟು ಟೊಂಗೆಗೆ ಸೇರುವ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು ಕೂತಿರುತ್ತದೆ, ಮುಂದೆ ಕೊಂಬೆಯೋ ಹೂವೋ ಆಗುವಂಥದ್ದು. ಕಿರುಎಲೆಯ ಬುಡದಲ್ಲಿ ಅದು ಇರುವುದಿಲ್ಲ. ದಾರಿಬದಿಯ ಯಾವುದೇ ಸಣ್ಣ ಗಿಡದಲ್ಲಿ ಇದನ್ನು ತೋರಿಸಿ. ಒಮ್ಮೆ ನೋಡಿದ ಮಗು ಮರೆಯುವುದಿಲ್ಲ. ಶಾಲೆಯ ಆವರಣದ ಬೇವಿನಲ್ಲೂ ಕರಿಬೇವಿನಲ್ಲೂ ಇದೇ ಪರೀಕ್ಷೆ ನಡೆಯುತ್ತದೆ, ಹೊರಡುವ ಮುನ್ನ ಅಲ್ಲಿಯೇ ಅಭ್ಯಾಸ ಮಾಡಿಸಬಹುದು.

ಬೀಟೆಯಲ್ಲಿ ಐದರಿಂದ ಏಳು ಕಿರುಎಲೆಗಳು. ಅಗಲಕ್ಕೆ ದುಂಡಗೆ, ತುದಿ ಮೊಂಡು, ಒಂದರ ಎದುರು ಒಂದಿರದೆ ಹಿಂದುಮುಂದಾಗಿ ಜೋಡಿಸಿಕೊಂಡಿರುತ್ತವೆ. ಹೊನ್ನೆಯಲ್ಲೂ ಸುಮಾರು ಅಷ್ಟೇ ಸಂಖ್ಯೆ. ಆಕಾರ ಉದ್ದುದ್ದ, ತುದಿಯಲ್ಲಿ ಸಣ್ಣ ಕಚ್ಚು. ಅನುಮಾನ ಉಳಿದರೆ ನೆಲ ನೋಡಿ. ಬೀಟೆಯ ಕಾಯಿ ತೆಳ್ಳನೆಯ ಪಟ್ಟಿ, ಒಳಗೆ ಒಂದೆರಡು ಬೀಜ ಉಬ್ಬಿ ಕಾಣುತ್ತವೆ. ಹೊನ್ನೆಯದ್ದು ದುಂಡನೆಯ ಬಿಲ್ಲೆ: ನಡುವೆ ಗಟ್ಟಿ ಬೀಜ, ಸುತ್ತ ಹಾಳೆಯಂತಹ ಅಂಚು, ಗಾಳಿಗೆ ತಿರುಗುತ್ತ ಹಾರಲು ಹೇಳಿಮಾಡಿಸಿದ್ದು. ಡಿಸೆಂಬರ್‌ನಲ್ಲಿ ಈ ಬಿಲ್ಲೆಗಳು ಮರದಲ್ಲೂ ನೆಲದಲ್ಲೂ ಸಿಗುತ್ತವೆ. ಹೊನ್ನೆಯ ತೊಗಟೆಗೆ ಎಲ್ಲಿಯಾದರೂ ಗಾಯವಾಗಿದ್ದರೆ ಅಲ್ಲಿ ರಕ್ತದ ಬಣ್ಣದ ಅಂಟು ಹೆಪ್ಪುಗಟ್ಟಿರುತ್ತದೆ. ಈ ಅಂಟು ಹಿಂದಿನಿಂದಲೂ ಔಷಧಿಗೆ ಹೋಗುತ್ತಿದ್ದ ವಸ್ತು. ಮರದ ತಿರುಳಿನಿಂದ ಮಾಡಿದ ಲೋಟದಲ್ಲಿ ನೀರಿಟ್ಟು ಕುಡಿಯುವುದು ಸಕ್ಕರೆ ಕಾಯಿಲೆಯವರಲ್ಲಿ ಈಗಲೂ ರೂಢಿಯಲ್ಲಿದೆ.

ತೋಟ ಮುಗಿದು ಕಾಡು ಶುರುವಾಗುವಲ್ಲಿ, ರಸ್ತೆ ಕಡಿದ ಮಣ್ಣಿನ ಅಂಚಿನಲ್ಲಿ ಒಂದು ಮರ ಖಂಡಿತ ಸಿಗುತ್ತದೆ: ಚಂದಕಲು. ದಕ್ಷಿಣ ಕನ್ನಡದ ಕಡೆಯವರು ಉಪ್ಪಳಿಗೆ ಎನ್ನುತ್ತಾರೆ. ಇದರ ಎಲೆಯ ತೊಟ್ಟು ಅಂಚಿಗೆ ಸೇರದೆ ಎಲೆಯ ಒಳಭಾಗಕ್ಕೆ ಅಡಿಯಿಂದ ಬಂದು ಸೇರುತ್ತದೆ, ಕಮಲದ ಎಲೆಯಲ್ಲಿ ಆಗುವ ಹಾಗೆ. ನರಗಳು ಆ ಬಿಂದುವಿನಿಂದ ಎಲ್ಲ ಕಡೆಗೂ ಹರಡುತ್ತವೆ. ಮಕ್ಕಳು ಒಂದೇ ನೋಟಕ್ಕೆ ಕಲಿಯುವ ಮರವಿದ್ದರೆ ಇದು. ಅದನ್ನು ಕಲಿತದ್ದರಿಂದ ಇನ್ನೊಂದು ಲಾಭ ಇದೆ. ಚಂದಕಲು ಗುಂಪಾಗಿ ನಿಂತಿದೆ ಎಂದರೆ ಅಲ್ಲಿ ಮರ ಕಡಿದಿದೆ, ಮಣ್ಣು ಜಾರಿದೆ ಅಥವಾ ರಸ್ತೆ ಬಂದಿದೆ; ಬಿಸಿಲು ಬಿದ್ದ ಜಾಗಕ್ಕೆ ಮೊದಲು ಓಡಿಬರುವುದು ಇದೇ. ಅದರ ಜೊತೆಗೆ ಕುಂಕುಮದ ಮರವೂ ಇರಬಹುದು. ಚಳಿಗಾಲ ಕಳೆಯುವಾಗ ಅದರ ಮೂರು ಮೂಲೆಯ ಕಾಯಿಗಳ ಮೇಲೆ ಕೆಂಪು ಹುಡಿ ಕಟ್ಟಿರುತ್ತದೆ, ಮುಟ್ಟಿದರೆ ಬೆರಳು ಕೆಂಪಾಗುತ್ತದೆ.

ಒಳಕಾಡಿಗೆ ಹೋದ ಮೇಲೆ ಕಷ್ಟ ನಿಜವಾಗಿ ಆರಂಭವಾಗುತ್ತದೆ. ನಿತ್ಯಹರಿದ್ವರ್ಣ ಕಾಡಿನ ಬಹುಪಾಲು ಮರಗಳ ಎಲೆ ಒಂದೇ ಅಚ್ಚಿನದು: ಉದ್ದುದ್ದ, ಹೊಳಪಿನದು, ಅಂಚು ನಯ, ತುದಿ ಚೂಪು. ಮಳೆನೀರು ಬೇಗ ಜಾರಿಹೋಗಲು ಆ ಚೂಪು ತುದಿ ಅನುಕೂಲ. ಇಲ್ಲಿ ಎಲೆಯ ಆಕಾರ ನೋಡಿ ಹೆಸರು ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ನಂಬಬೇಕಾದ್ದು ಜೋಡಣೆ, ನರ, ವಾಸನೆ, ಸೊನೆ, ಬೇರು.

ಬಿದ್ದ ಒಂದು ಹಸಿ ಟೊಂಗೆ ಕೈಗೆ ಸಿಕ್ಕಿತು ಎಂದುಕೊಳ್ಳಿ. ರಾತ್ರಿಯ ಗಾಳಿಗೋ ಮಂಗಗಳ ಓಡಾಟಕ್ಕೋ ಮುರಿದು ಬಿದ್ದದ್ದು ದಾರಿಯಲ್ಲಿ ಇದ್ದೇ ಇರುತ್ತದೆ. ಪ್ರತಿ ಎಲೆಯ ಗೆಣ್ಣಿನಲ್ಲಿ ಟೊಂಗೆಯನ್ನು ಸುತ್ತುವರಿದ ಉಂಗುರದ ಗೆರೆ ಇದೆಯೇ ನೋಡಿ. ಎಳೆ ಮೊಗ್ಗನ್ನು ಮುಚ್ಚಿಕೊಂಡಿದ್ದ ಹೊದಿಕೆ ಉದುರಿದ ಗುರುತು ಅದು. ಉಂಗುರ ಇದೆ, ತೊಟ್ಟು ಮುರಿದರೆ ಬಿಳಿ ಹಾಲು ಬರುತ್ತದೆ ಎಂದಾದರೆ ನೀವು ಹಲಸು, ಹೆಬ್ಬಲಸು, ಅತ್ತಿ, ಬಸರಿ, ಆಲಗಳ ಬಳಗದಲ್ಲಿದ್ದೀರಿ. ಉಂಗುರ ಇದೆ, ಹಾಲು ಇಲ್ಲ ಎಂದಾದರೆ ಸಂಪಿಗೆ ಇರಬಹುದೆಂದು ಯೋಚಿಸಿ. ಎರಡು ಪ್ರಶ್ನೆಗೆ ಇಷ್ಟು ದೂರ ಬರಬಹುದು. ಆ್ಯಪ್ ಒಂದು ಗಂಟೆ ತಡಕಾಡಿದರೂ ಇಲ್ಲಿಗೆ ಬರುವ ಭರವಸೆಯಿಲ್ಲ.

ಎಲೆಗಳು ಎದುರುಬದುರಾಗಿವೆ, ಬೆಳಕಿಗೆ ಹಿಡಿದರೆ ಅಂಚಿನ ಉದ್ದಕ್ಕೂ ಒಂದು ನರ ಓಡುವುದು ಕಾಣುತ್ತದೆ, ಉಜ್ಜಿದರೆ ಘಾಟಾದ ಸುವಾಸನೆ ಇದೆ ಎಂದಾದರೆ ಅದು ನೇರಳೆಯ ಬಳಗ. ಈ ಬಳಗದ ಹಲವು ಜಾತಿಗಳು ಇಲ್ಲಿವೆ, ಶೋಲಾದಲ್ಲೂ ಇವೆ. ‘ನೇರಳೆಯ ಬಳಗ’ ಎಂಬಲ್ಲಿಗೆ ನಿಲ್ಲಿಸಿದರೆ ಯಾವ ಅವಮಾನವೂ ಇಲ್ಲ. ಬುಡದಿಂದ ತುದಿಯ ಕಡೆಗೆ ಮೂರು ದಪ್ಪ ನರಗಳು ಒಟ್ಟಿಗೆ ಹೊರಟಿದ್ದು, ಉಜ್ಜಿದಾಗ ಅಡುಗೆಮನೆಯ ವಾಸನೆ ಬಂದರೆ ಕಾಡು ದಾಲ್ಚಿನ್ನಿ. ಮೂಸಿ ನೋಡುವುದಕ್ಕಷ್ಟೇ ಮಕ್ಕಳಿಗೆ ಬಿಡಿ, ಬಾಯಿಗೆ ಏನನ್ನೂ ಹಾಕಕೂಡದು. ಮೂರು ನರದ ಎಲೆ ಕಾಸರಕಕ್ಕೂ ಇದೆ, ಅದು ವಿಷದ ಮರ.

ಎದುರುಬದುರು ದಪ್ಪ ಎಲೆ, ತೊಟ್ಟಿನಲ್ಲಿ ಹಳದಿ ಸೊನೆ, ಸ್ವಲ್ಪ ಜೋಲುವ ಅಡ್ಡ ಕೊಂಬೆಗಳು: ಇದು ಉಪ್ಪಾಗೆಯ ಬಳಗ. ಕೊಡಗಿನಲ್ಲಿ ನಿಂತು ಈ ಮರವನ್ನು ಮಕ್ಕಳಿಗೆ ತೋರಿಸದೆ ಬರುವುದು ಸರಿಯಲ್ಲ. ಹಂದಿಕರಿಗೆ ಹಾಕುವ ಕಾಚಂಪುಳಿ ಇದರ ಹಣ್ಣಿನಿಂದ ಆಗುವಂಥದ್ದು. ಮಳೆಗಾಲದಲ್ಲಿ ಹಣ್ಣಾಗುತ್ತದೆ: ಹಳದಿ ಬಣ್ಣ, ಮೈಮೇಲೆ ಉದ್ದಕ್ಕೆ ಆಳವಾದ ಗೆರೆಗಳು, ಕಿರಿದಾದ ಕುಂಬಳಕಾಯಿಯ ಆಕಾರ. ಹಣ್ಣನ್ನು ರಾಶಿ ಹಾಕಿ, ಇಳಿದ ರಸವನ್ನು ಕಪ್ಪಗೆ ಮಂದವಾಗುವ ತನಕ ಕುದಿಸಿದರೆ ವರ್ಷಗಟ್ಟಲೆ ಕೆಡದ ಹುಳಿ ಸಿದ್ಧ. ಡಿಸೆಂಬರ್‌ನಲ್ಲಿ ಹಣ್ಣು ಸಿಗುವುದಿಲ್ಲ. ಹೋಂಸ್ಟೇಯಲ್ಲಿ ಊಟಕ್ಕೆ ಕೂತಾಗ ಅಮ್ಮನವರನ್ನು ಕೇಳಿ, ಬಾಟಲಿಯಲ್ಲಿರುವ ಕಾಚಂಪುಳಿಯನ್ನು ತೋರಿಸಬಹುದು.

ರಾಮಪತ್ರೆ ಮತ್ತು ಅದರ ಬಳಗವನ್ನು ದೂರದಿಂದಲೇ ಹಿಡಿಯಬಹುದು. ನೆಟ್ಟನೆಯ ಕಾಂಡದಿಂದ ಕೊಂಬೆಗಳು ಒಂದೇ ಮಟ್ಟದಲ್ಲಿ ಸುತ್ತಲೂ ಅಡ್ಡಡ್ಡ ಹೊರಡುತ್ತವೆ, ಸ್ವಲ್ಪ ಮೇಲೆ ಮತ್ತೊಂದು ಸುತ್ತು. ಗಾಯವಾದಲ್ಲಿ ಕೆಂಪು ಸೊನೆ. ಕಾಯಿ ಬಿರಿದರೆ ಬೀಜವನ್ನು ಪತ್ರೆ ಎಂಬ ಕೆಂಪು ಅಥವಾ ಹಳದಿ ಹೊದಿಕೆ ಬಲೆಯಂತೆ ಸುತ್ತಿಕೊಂಡಿರುತ್ತದೆ. ಮಂಗಟ್ಟೆ ಹಕ್ಕಿಗಳಿಗೆ ಇದು ಮೆಚ್ಚಿನ ಆಹಾರ. ಪತ್ರೆಯನ್ನು ಜೀರ್ಣಿಸಿಕೊಂಡು ಬೀಜವನ್ನು ದೂರದಲ್ಲಿ ಉಗುಳುತ್ತವೆ, ಹಾಗಾಗಿ ಮಂಗಟ್ಟೆ ಕೂರುವ ಮರದ ಕೆಳಗೆ ಸುತ್ತಲಿನ ಕಾಡಿನ ಬೀಜಗಳ ಮಾದರಿಯೇ ಬಿದ್ದಿರುತ್ತದೆ. ಮರ ಕಲಿಯುವವರು ಆ ಜಾಗವನ್ನು ದಾಟಿಹೋಗಬಾರದು.

ಧೂಪದ ಹೆಸರಿನಲ್ಲಿ ಎರಡು ಬೇರೆ ಬೇರೆ ಮರಗಳಿವೆ. ಬಿಳಿಧೂಪಕ್ಕೆ ಬಿಡಿ ಎಲೆ, ತೊಟ್ಟು ಎಲೆಯನ್ನು ಸೇರುವಲ್ಲಿ ಸ್ವಲ್ಪ ಊದಿಕೊಂಡಿರುತ್ತದೆ. ಇದನ್ನು ನೋಡಲು ಮಾಕುಟ್ಟದ ಕಡೆಯ ತಗ್ಗಿನ ಕಾಡು ಒಳ್ಳೆಯದು. ಕರಿಧೂಪಕ್ಕೆ ಸಂಯುಕ್ತ ಎಲೆ, ಕಾಂಡದ ಮೇಲೆ ಕಪ್ಪಗೆ ಒಣಗಿದ ರಾಳ. ಅದರ ಎಳೆ ಚಿಗುರು ಇಟ್ಟಿಗೆಗೆಂಪು. ಎದುರಿನ ಗುಡ್ಡದ ಹಸಿರಿನ ನಡುವೆ ಒಂದೇ ಮರ ಕೆಂಪಾಗಿ ಎದ್ದು ಕಂಡರೆ ಮೊದಲು ಇದನ್ನು ಸಂಶಯಿಸಿ. ನಾಗಸಂಪಿಗೆಯ ಚಿಗುರೂ ಕೆಂಪೇ, ಆದರೆ ಅದರದ್ದು ಎದುರುಬದುರಾದ ಕಿರಿದಾದ ಬಿಡಿ ಎಲೆ, ಅಡಿಭಾಗ ಬೆಳ್ಳಗೆ. ಬಲಗಿ ಮರವನ್ನು ನೋಡುವ ಆಸೆಯಿದ್ದರೆ ಪುಷ್ಪಗಿರಿಯ ಕಡೆ ಇನ್ನೊಂದು ಪ್ರವಾಸ ಬೇಕು. ಕಾಂಡದ ಬುಡದಿಂದ ಓರೆಯಾಗಿ ನೆಲಕ್ಕಿಳಿದು ನಿಂತ ಊರುಗೋಲು ಬೇರುಗಳು ಅದರ ಗುರುತು. ಅವನ್ನು ನೋಡಿದ ಮೇಲೆ ಎಲೆಯ ಚಿಂತೆ ಬೇಕಿಲ್ಲ.

ಬೈನೆಯನ್ನು ಯಾರೂ ತಪ್ಪುವುದಿಲ್ಲ. ಮೀನಿನ ಬಾಲದಂತೆ ಹರಿದ ಅಂಚಿನ ಎಲೆ ಇರುವ ತಾಳೆಯ ಜಾತಿ ಇಲ್ಲಿ ಅದೊಂದೇ ಎಂದುಕೊಂಡರೆ ಸಾಕು. ಹೂಗೊಂಚಲು ಮೊದಲು ನೆತ್ತಿಯಲ್ಲಿ ಬಂದು ಆಮೇಲೆ ಒಂದೊಂದಾಗಿ ಕೆಳಕ್ಕಿಳಿಯುತ್ತವೆ, ಕೊನೆಯ ಗೊಂಚಲು ಮುಗಿದ ಮೇಲೆ ಮರ ಸಾಯುತ್ತದೆ. ಆನೆಗಳಿಗೆ ಇದೆಂದರೆ ಬಹಳ ಇಷ್ಟ. ಸಿಗಿದುಬಿದ್ದ ಬೈನೆಯೂ ಹಸಿ ಲದ್ದಿಯೂ ಒಟ್ಟಿಗೆ ಕಂಡರೆ ಸಸ್ಯಶಾಸ್ತ್ರ ಅಲ್ಲಿಗೇ ನಿಲ್ಲಿಸಿ ಮಾರ್ಗದರ್ಶಕನ ಮಾತು ಕೇಳಿ.

ಈಗ ಕತ್ತಿ. ತೊಗಟೆ ಕೆತ್ತಿ ಸೊನೆ ನೋಡುವ ಪದ್ಧತಿ ಅರಣ್ಯ ಸಮೀಕ್ಷೆಯವರಲ್ಲಿ ಇದೆ. ಅದರಿಂದ ಖಚಿತವಾಗಿ ತಿಳಿಯುತ್ತದೆ ಎಂಬುದೂ ಹೌದು. ಆದರೆ ಚಾರಣದ ದಾರಿಯ ಮರ ಪ್ರತಿ ವಾರ ಹೊಸ ತಂಡವನ್ನು ನೋಡುತ್ತದೆ. ಪ್ರತಿ ತಂಡವೂ ಒಂದು ಕಚ್ಚು ಹಾಕಿದರೆ ಆ ಗಾಯಗಳಿಂದಲೇ ಹುಳು ಮತ್ತು ಶಿಲೀಂಧ್ರ ಒಳಹೋಗುತ್ತವೆ. ಅರಣ್ಯದಲ್ಲಿ ಮರಕ್ಕೆ ಗಾಯ ಮಾಡುವುದು ಕಾನೂನಿಗೂ ವಿರುದ್ಧ.

ಅದಕ್ಕಿಂತ ಹತ್ತಿರದ ಅಪಾಯ ಹೊಳಗೇರು. ಗೇರು, ಮಾವುಗಳ ಕುಟುಂಬದ ಈ ಮರದ ಸೊನೆ ಮೊದಲು ತಿಳಿಯಾಗಿದ್ದು ಗಾಳಿ ತಾಗಿದಂತೆ ಕಪ್ಪಾಗುತ್ತದೆ. ಚರ್ಮಕ್ಕೆ ತಾಗಿದರೆ ಕೆಂಪಾಗಿ ಊದಿ ಗುಳ್ಳೆಯೇಳುತ್ತದೆ. ಕೆಲವರಿಗೆ ಮರದ ಕೆಳಗೆ ಮಳೆಯಲ್ಲಿ ನಿಂತರೂ ಸಾಕು ಎಂದು ಹಳ್ಳಿಯವರು ಹೇಳುತ್ತಾರೆ. ಕತ್ತಿಯ ಏಟಿಗೆ ಸಿಡಿದ ಹನಿ ಮಗುವಿನ ಕಣ್ಣಿಗೆ ಬಿದ್ದರೆ ಆ ದಿನದ ಪಾಠ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಆದ್ದರಿಂದ ಹೊಳಗೇರನ್ನು ಮೊದಲೇ ಗುರುತು ಹಿಡಿಯಲು ಕಲಿಸಿ. ಎಲೆ ತುದಿಯ ಕಡೆಗೆ ಅಗಲವಾಗಿ ಬುಡದ ಕಡೆ ಕಿರಿದಾಗುತ್ತದೆ, ಟೊಂಗೆಯ ತುದಿಯಲ್ಲಿ ಗುಂಪುಗೂಡಿರುತ್ತದೆ. ಎಳೆಯ ತೊಟ್ಟಿನ ಇಕ್ಕೆಲಗಳಲ್ಲಿ ಸಣ್ಣ ಮುಳ್ಳಿನಂತಹ ಎರಡು ಚಾಚುಗಳಿರುತ್ತವೆ, ಆಮೇಲೆ ಅವು ಉದುರಿ ಕಲೆ ಮಾತ್ರ ಉಳಿಯುವುದುಂಟು. ಎಲ್ಲಕ್ಕಿಂತ ಸುಲಭದ ಗುರುತು ಕಾಂಡದ ಮೇಲೆ ಶಾಯಿ ಚೆಲ್ಲಿದಂತೆ ಇಳಿದ ಕಪ್ಪು ಕಲೆಗಳು. ಕಪ್ಪು ಕಲೆ ಕಂಡ ಯಾವ ಕಾಂಡಕ್ಕೂ ಒರಗುವಂತಿಲ್ಲ ಎಂದು ಹೊರಡುವಾಗಲೇ ಹೇಳಿಬಿಡಿ. ಅದು ಕರಿಧೂಪದ ರಾಳವಾಗಿದ್ದರೂ ನಷ್ಟವೇನಿಲ್ಲ. ಎಲ್ಲರಿಗೂ ತುಂಬುತೋಳಿನ ಅಂಗಿ ಇರಲಿ. ನೆಲದ ಟೊಂಗೆ, ಎಲೆಗಳನ್ನು ಮೊದಲು ನೀವು ನೋಡಿ, ಹೊಳಗೇರು ಅಲ್ಲವೆಂದು ಖಚಿತವಾದ ಮೇಲೆ ಮಕ್ಕಳ ಕೈಗೆ ಕೊಡಿ. ಸೊನೆಯ ಬಣ್ಣ ಬೇಕೆಂದಾಗ ಅಂತಹ ಹಸಿ ಎಲೆಯ ತೊಟ್ಟು ಮುರಿದರೆ ಸಾಕು.

ಕಾಡು ದಾಟಿ ಹುಲ್ಲುಬೆಟ್ಟಕ್ಕೆ ಬಂದ ಮೇಲೆ ಮರಗಳು ವಿರಳ. ಕೆಳಗಿನ ಹುಲ್ಲಿನಲ್ಲಿ ಒಂಟಿಯಾಗಿ ನಿಂತ ಗಿಡ್ಡ ಮರಗಳಲ್ಲಿ ಕೌಲು ಮತ್ತು ನೆಲ್ಲಿಯನ್ನು ಹುಡುಕಿ. ಕೌಲಿನ ದೊಡ್ಡ ಎಲೆಗಳು ಟೊಂಗೆಯ ತುದಿಯಲ್ಲಿ ಗುಂಪಾಗಿದ್ದು ಉದುರುವ ಮುನ್ನ ಕೆಂಪಾಗುತ್ತವೆ. ದಪ್ಪ ತೊಗಟೆಯಿಂದಾಗಿ ಹುಲ್ಲಿಗೆ ಬಿದ್ದ ಬೆಂಕಿಯನ್ನು ಅದು ತಡೆದುಕೊಳ್ಳುತ್ತದೆ. ಸುತ್ತ ಬೇರೆ ಮರಗಳಿಲ್ಲದೆ ಅದೊಂದು ಉಳಿದಿರಲು ಕಾರಣ ಅದೇ. ನೆಲ್ಲಿಯ ಸಾಲುಸಾಲು ಪುಟ್ಟ ಎಲೆಗಳನ್ನು ಸಂಯುಕ್ತ ಎಲೆ ಎಂದು ಮಕ್ಕಳು ಹೇಳಿಯೇ ಹೇಳುತ್ತಾರೆ. ಅವು ಬಿಡಿ ಎಲೆಗಳು, ತೆಳು ಟೊಂಗೆಯ ಉದ್ದಕ್ಕೂ ಸಾಲಾಗಿವೆ ಅಷ್ಟೇ. ಆ ಟೊಂಗೆಯ ಮೇಲೇ ಹೂವು, ಕಾಯಿ ಕೂರುವುದನ್ನು ತೋರಿಸಿದರೆ ಒಪ್ಪಿಕೊಳ್ಳುತ್ತಾರೆ.

ಕಣಿವೆಯ ಮಡಿಲುಗಳಲ್ಲಿ ಗುಂಪಾಗಿ ಕುಳಿತ ಶೋಲಾ ಕಾಡನ್ನು ಹೊರಗಿನಿಂದ ನೋಡಿ ತೃಪ್ತರಾಗಿ. ಗಾಳಿಗೆ ಕುಬ್ಜವಾದ ಕಾಂಡಗಳ ಮೇಲೆ ಹಾವಸೆಯೂ ಕಲ್ಲುಹೂವೂ ದಪ್ಪವಾಗಿ ಕಟ್ಟಿರುವುದರಿಂದ ತೊಗಟೆಯ ಬಣ್ಣ ಅಲ್ಲಿ ಏನನ್ನೂ ಹೇಳುವುದಿಲ್ಲ. ವರ್ಷಗಳಿಂದ ಈ ಕೆಲಸ ಮಾಡುವವರೂ ಶೋಲಾದಲ್ಲಿ ನಿಧಾನವಾಗುತ್ತಾರೆ.

ಆ್ಯಪ್ ಬಿಟ್ಟುಬಿಡಿ ಎನ್ನುವುದಿಲ್ಲ. ಅದಕ್ಕೆ ಸರಿಯಾದ ಆಹಾರ ಕೊಡಿ: ಬುಡದ ಒಂದು ಚಿತ್ರ, ಕಲೆಯಿಲ್ಲದ ತೊಗಟೆಯ ಪಕ್ಕ ಅಂಗೈಯಗಲದ ಅಳತೆಪಟ್ಟಿ ಹಿಡಿದು ಒಂದು ಚಿತ್ರ, ನೆಲದ ಮೇಲಿಟ್ಟ ಎಲೆಯ ಎರಡೂ ಮುಖ, ಸಿಕ್ಕಿದರೆ ಕಾಯಿ. ಅದು ಕೊಟ್ಟ ಹೆಸರಿನಲ್ಲಿ ಬಳಗವನ್ನಷ್ಟೇ ತೆಗೆದುಕೊಂಡು, ಆ ಮರ ಇಷ್ಟು ಮಳೆಯ ಈ ಎತ್ತರದಲ್ಲಿ ಬೆಳೆಯುವಂಥದ್ದೇ ಎಂದು ನೀವೇ ಕೇಳಿಕೊಳ್ಳಿ. ಮುಂದೆ ಖಚಿತ ಹೆಸರು ಬೇಕೆನಿಸಿದರೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನವರನ್ನು ಇದೇ ಚಿತ್ರಗಳೊಂದಿಗೆ ಕೇಳಬಹುದು. ದಾರಿಯಲ್ಲಿ ದೇವರಕಾಡು ಸಿಕ್ಕಿದರೆ ಬಿದ್ದ ಎಲೆಯನ್ನೂ ಎತ್ತಿಕೊಳ್ಳಬೇಡಿ. ಕೊಡಗಿನಲ್ಲಿ ಇಂತಹ ಕಾಡುಗಳು ಸಾವಿರಕ್ಕೂ ಹೆಚ್ಚಿವೆ, ಪ್ರತಿಯೊಂದಕ್ಕೂ ಊರಿನವರು ಪಾಲಿಸಿಕೊಂಡು ಬಂದ ಕಟ್ಟಳೆಗಳಿವೆ; ಒಳಗೆ ಹೋಗಬಹುದೇ ಎಂದು ಮೊದಲು ಅವರನ್ನು ಕೇಳಿ.

ಡಿಸೆಂಬರ್ ಒಳ್ಳೆಯ ಆಯ್ಕೆ. ಇಂಬಳಗಳು ಕಡಿಮೆಯಾಗಿರುತ್ತವೆ, ಮಂಜು ಬೇಗ ಕರಗ ತೊಡಗುತ್ತದೆ, ಹೊನ್ನೆಯ ಬಿಲ್ಲೆಯೂ ನೆಲ್ಲಿಕಾಯಿಯೂ ಇರುತ್ತವೆ. ಕೆಂಪು ಚಿಗುರು ನೋಡಲೇಬೇಕೆಂದರೆ ಜನವರಿಯ ಕೊನೆಗೆ ಮುಂದೂಡಿ, ಅದಕ್ಕಿಂತ ತಡ ಬೇಡ. ಹುಲ್ಲು ಒಣಗಿ ಬೆಂಕಿಯ ಭಯ ಶುರುವಾದ ಮೇಲೆ ಅರಣ್ಯ ಇಲಾಖೆ ಬೆಟ್ಟದ ದಾರಿಗಳನ್ನು ಮುಚ್ಚುವುದುಂಟು. ದಿನ ಗೊತ್ತುಮಾಡುವ ಮೊದಲೇ ಅನುಮತಿಯ ವಿಷಯ ವಿಚಾರಿಸಿಕೊಳ್ಳಿ. ನಲವತ್ತು ಮಕ್ಕಳನ್ನು ಒಂದೇ ಗುಂಪಾಗಿ ಒಯ್ಯಬೇಡಿ. ಬಿದ್ದ ಟೊಂಗೆಯೊಂದರ ಸುತ್ತ ಕೂತು ನೋಡಲು ಹತ್ತು ಮಂದಿಗಿಂತ ಹೆಚ್ಚಿದ್ದರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ.